ಮಾನವ ಹಕ್ಕಿನ ಡೇಟಾ ಕೆಲಸ: ಒಪ್ಪಿಕೊಳ್ಳಲಾ, ಬಿಡಲಾ?

ಪ್ರಶ್ನೆ: ಕಾರವಾರದಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ಊರು ಶಿರಸಿ ತಾಲೂಕಿನ ಒಂದು ಹಳ್ಳಿ. ಹೊರಗಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಯೋಜನೆಯಲ್ಲಿ ವಿದ್ಯಾರ್ಥಿ ಸಂಶೋಧನಾ ಸಹಾಯಕಿಯ ಕೆಲಸ ಬಂದಿದೆ. ಬೇರೆ ಬೇರೆ ದೇಶಗಳ ಮಾನವ ಹಕ್ಕು ವರದಿ ಓದಬೇಕು. ಚಿತ್ರಹಿಂಸೆ, ರಾಜಕೀಯ ಬಂಧನ, ಜನರ ಕಣ್ಮರೆ, ಇಂಥ ಒಂದೊಂದಕ್ಕೂ ಅಂಕ ಕೊಟ್ಟು ಎಕ್ಸೆಲ್ ಶೀಟ್ ತುಂಬಬೇಕು. ವಾರಕ್ಕೆ 10 ತಾಸು, ಆರು ತಿಂಗಳು, ಚಿಕ್ಕ ಸ್ಟೈಪೆಂಡ್. ಅಪ್ಪ ಬೇಡ ಅನ್ನುತ್ತಿದ್ದಾರೆ. ನಮ್ಮದು ಸ್ವಲ್ಪ ಮಾಲ್ಕಿ ತೋಟ, ಉಳಿದದ್ದು ಅರಣ್ಯ ಅತಿಕ್ರಮಣ. ಅರಣ್ಯ ಹಕ್ಕಿನ ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲ. "ನೀನು ಮಾನವ ಹಕ್ಕು ಅಂತ ಹೆಸರು ಬರೆಸಿಕೊಂಡರೆ ನಮ್ಮ ಅರ್ಜಿಗೂ ಕಲ್ಲು ಬೀಳುತ್ತದೆ, ನಾಳೆ ಸರ್ಕಾರಿ ನೌಕರಿಯ ಪೊಲೀಸ್ ವೆರಿಫಿಕೇಶನ್‌ಗೂ ತೊಂದರೆ" ಅನ್ನುವುದು ಅವರ ಮಾತು. ಸೀನಿಯರ್ ಒಬ್ಬರು ಇದು ಬರೀ ಡೇಟಾ ಎಂಟ್ರಿ ಅನ್ನುತ್ತಾರೆ. ನನಗೆ ಸಂಖ್ಯಾಶಾಸ್ತ್ರ ಬರುವುದಿಲ್ಲ. ಮಾದರಿಗೆ ಕೊಟ್ಟ ವರದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಇದರ ನಡುವೆ 3,500 ರೂಪಾಯಿ ಕಟ್ಟಿದರೆ ಇಂಥದೇ ಆನ್‌ಲೈನ್ ಇಂಟರ್ನ್‌ಶಿಪ್ ಕೊಡುತ್ತೇವೆ ಅಂತ ಇನ್ನೊಂದು ಕಡೆಯಿಂದ ಫೋನ್ ಬಂದಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ಎಲ್ಲದರ ಭಾರ ಒಂದೇ ಕಡೆ ಇದೆ ಅನ್ನಿಸಿತು. ನಿಮ್ಮ ಒಂದು ಸಹಿಯಿಂದ ಮನೆಯವರ ಭೂಮಿಗೆ ಅಪಾಯ ಬಂದೀತೇ ಎಂಬುದು. ಅದನ್ನೇ ಮೊದಲು ನೋಡೋಣ. ಸುಮ್ನೆ "ಹೆದರಬೇಡಿ" ಅಂದರೆ ನಿಮ್ಮ ಅಪ್ಪನಿಗೆ ಸಮಾಧಾನ ಆಗುವುದಿಲ್ಲ. ಕಾರಣ ಹೇಳಬೇಕು.

ಅರಣ್ಯ ಹಕ್ಕು ಕಾಯ್ದೆ 2006ರದು. ನಿಮ್ಮ ಅರ್ಜಿ ಗ್ರಾಮದ ಅರಣ್ಯ ಹಕ್ಕು ಸಮಿತಿ ಮತ್ತು ಗ್ರಾಮಸಭೆಯಿಂದ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ಅಲ್ಲಿ ನೋಡುವುದು ಮುಖ್ಯವಾಗಿ ಇಷ್ಟು. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಆ ಭೂಮಿ ನಿಮ್ಮ ಸ್ವಾಧೀನದಲ್ಲಿತ್ತಾ? ಪರಿಶಿಷ್ಟ ಪಂಗಡಕ್ಕೆ ಸೇರದವರಾದರೆ, ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸ ಇತ್ತು ಎಂಬುದಕ್ಕೆ ಸಾಕ್ಷ್ಯ ಇದೆಯಾ? ಬದುಕಿಗೆ ಆ ಭೂಮಿಯನ್ನೇ ನಂಬಿದ್ದೀರಾ? ಮಗಳು ಏನು ಓದುತ್ತಾಳೆ, ಯಾವ ಯೋಜನೆಯಲ್ಲಿ ಕೆಲಸ ಮಾಡುತ್ತಾಳೆ ಎಂಬ ಕಾಲಂ ಆ ಅರ್ಜಿಯಲ್ಲಿ ಇಲ್ಲ. ಅರ್ಜಿ ತಿರಸ್ಕರಿಸುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. ಮೇಲಿನ ಸಮಿತಿಗೆ ಹೋಗಲು 60 ದಿನ ಅವಕಾಶ ಇದೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿ.

ನೌಕರಿಯ ಮಾತಿಗೆ ಬರೋಣ. ಸರ್ಕಾರಿ ನೌಕರಿ ಸೇರುವಾಗ ತುಂಬುವ ದೃಢೀಕರಣ ಫಾರ್ಮ್ ಕೇಳುವುದು ನಿಮ್ಮ ಮೇಲೆ ಕೇಸ್ ಇದೆಯಾ, ಬಂಧನ ಆಗಿತ್ತಾ, ಶಿಕ್ಷೆ ಆಗಿತ್ತಾ ಎಂದು. ಇದ್ದ ಕೇಸನ್ನು ಮುಚ್ಚಿಟ್ಟರೆ ಏನಾಗಬಹುದು ಎಂಬ ಬಗ್ಗೆ ಸುಪ್ರೀಂ ಕೋರ್ಟ್ 2016ರಲ್ಲಿ ವಿವರವಾದ ತೀರ್ಪು ಕೊಟ್ಟಿದೆ. ಪ್ರಕಟವಾದ ವರದಿಗಳನ್ನು ಕೋಣೆಯಲ್ಲಿ ಕೂತು ಓದಿ ಅಂಕ ಹಾಕುವುದು ಈ ಯಾವ ಪ್ರಶ್ನೆಯ ಅಡಿಯೂ ಬರುವುದಿಲ್ಲ. ಇಂಥದೇ ಅಂಕ ಹಾಕುವ ಕೆಲಸವನ್ನು ನನ್ನ ಜೊತೆ ಮಾಡಿದ ವಿದ್ಯಾರ್ಥಿಗಳಲ್ಲಿ ಇಬ್ಬರು ಈಗ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾರೆ, ಒಬ್ಬಳು ಅಂಕಿಅಂಶ ಇಲಾಖೆಯಲ್ಲಿದ್ದಾಳೆ.

ಅಂದರೆ ಅಪಾಯವೇ ಇಲ್ಲ ಅಂತಲ್ಲ. ಇದೆ, ಆದರೆ ಅಪ್ಪ ಹೇಳಿದ ಜಾಗದಲ್ಲಿಲ್ಲ. ಯೋಜನೆಯ ಕಚ್ಚಾ ಫೈಲಿನಲ್ಲಿ ಜನರ ಹೆಸರು, ಊರು ಇದ್ದರೆ, ಅದನ್ನು ನೀವು ಗೆಳತಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ, ಅಲ್ಲಿ ತೊಂದರೆ ಶುರು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ನಮ್ಮ ದೇಶದಲ್ಲಿ ಶಿಕ್ಷಾರ್ಹ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅದನ್ನೇ ಹೇಳುತ್ತದೆ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆ ಇನ್ನೂ ಬಿಗಿ. ವರದಿಯ ತುಣುಕನ್ನು ಎಐ ಚಾಟ್ ಆ್ಯಪ್‌ಗೆ ಹಾಕಿ "ಅಂಕ ಹೇಳು" ಅನ್ನುವುದೂ ಹಾಗೆಯೇ. ಹೆಸರಿರುವ ಫೈಲನ್ನು ಹೊರಗೆ ಕಳಿಸಿದಂತೆ ಆಗುತ್ತದೆ. ಕೆಲಸ ಕೊಟ್ಟವರ ಅನುಮತಿ ಇಲ್ಲದೆ ಅದನ್ನು ಮಾಡಬೇಡಿ. ಇನ್ನೊಂದು: ನಾಳೆ ನಿಮ್ಮನ್ನು ಸಂತ್ರಸ್ತರ ಮನೆಗೆ ಕಳಿಸಿ ಮಾತಾಡಿಸಿ ಬನ್ನಿ ಅಂದರೆ ಅದು ಬೇರೆಯೇ ಕೆಲಸ. ಅದಕ್ಕೆ ಬೇರೆ ತರಬೇತಿ, ಬೇರೆ ಒಪ್ಪಿಗೆ ಬೇಕು. ಈಗ ಒಪ್ಪಿಕೊಂಡದ್ದರಲ್ಲಿ ಅದು ಸೇರಿಲ್ಲ ಎಂದು ಮೊದಲೇ ಹೇಳಿ.

ಈಗ ನಿಮ್ಮ ಸೀನಿಯರ್ ಮಾತು. ಬರೀ ಡೇಟಾ ಎಂಟ್ರಿ ಅಂದರಲ್ವಾ? ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಾಜ್ಯಶಾಸ್ತ್ರದಲ್ಲಿ ಮಾನವ ಹಕ್ಕಿನ ಬಗ್ಗೆ ನಡೆದಿರುವ ಸಂಶೋಧನೆಯ ದೊಡ್ಡ ಪಾಲು ಕೆಲವೇ ದತ್ತಾಂಶಗಳ ಮೇಲೆ ನಿಂತಿದೆ. 'ಪೊಲಿಟಿಕಲ್ ಟೆರರ್ ಸ್ಕೇಲ್' 1976ರಿಂದ ಈಚಿನ ಪ್ರತಿ ವರ್ಷಕ್ಕೂ ದೇಶಗಳಿಗೆ 1ರಿಂದ 5ರ ತನಕ ಅಂಕ ಕೊಡುತ್ತದೆ. ಅಲ್ಲಿ 5 ಅಂದರೆ ಅತಿ ಕೆಟ್ಟ ಸ್ಥಿತಿ. ಸಿಂಗ್ರನೆಲ್ಲಿ ಮತ್ತು ರಿಚರ್ಡ್ಸ್ ಶುರು ಮಾಡಿದ 'ಸಿರಿ' ದತ್ತಾಂಶ 1981ರಿಂದ 2011ರ ತನಕದ್ದು. ಅಲ್ಲಿ ಚಿತ್ರಹಿಂಸೆಗೆ 0, 1, 2 ಎಂದು ಅಂಕ. 0 ಅಂದರೆ ಆ ವರ್ಷ 50 ಅಥವಾ ಅದಕ್ಕಿಂತ ಜಾಸ್ತಿ ಪ್ರಕರಣ, 1 ಅಂದರೆ ಅದಕ್ಕಿಂತ ಕಡಿಮೆ, 2 ಅಂದರೆ ವರದಿಯೇ ಆಗಿಲ್ಲ. ಗಮನಿಸಿದಿರಾ? ಒಂದರಲ್ಲಿ ಅಂಕ ಏರಿದಷ್ಟೂ ಕೆಟ್ಟದು, ಇನ್ನೊಂದರಲ್ಲಿ ಏರಿದಷ್ಟೂ ಒಳ್ಳೆಯದು. ಎರಡಕ್ಕೂ ಮುಖ್ಯ ಆಧಾರ ಅಮೆರಿಕದ ವಿದೇಶಾಂಗ ಇಲಾಖೆಯ ವಾರ್ಷಿಕ ವರದಿ ಮತ್ತು ಆಮ್ನೆಸ್ಟಿ ಎಂಬ ಅಂತರರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಯ ವರದಿ. ಅವುಗಳನ್ನು ಯಾರೋ ಒಬ್ಬರು ಕೂತು ಓದಲೇಬೇಕು. ಬಹಳ ಸಲ ಆ 'ಯಾರೋ' ನಿಮ್ಮ ವಯಸ್ಸಿನ ವಿದ್ಯಾರ್ಥಿಯೇ.

ವರದಿಯಲ್ಲಿ ಸಂಖ್ಯೆ ಇರುವುದು ಅಪರೂಪ. "ಪೊಲೀಸರು ವ್ಯಾಪಕವಾಗಿ ಹೊಡೆಯುತ್ತಾರೆಂಬ ದೂರುಗಳಿವೆ" ಅಂತ ಇರುತ್ತದೆ. "ಹಲವು ಪ್ರಕರಣಗಳು ನಡೆದವು ಎನ್ನಲಾಗಿದೆ" ಅಂತ ಇರುತ್ತದೆ. 'ವ್ಯಾಪಕ' ಎಂಬ ಮಾತಿಗೆ ಯಾವ ಅಂಕ, 'ಹಲವು' ಎಂಬುದಕ್ಕೆ ಯಾವುದು? ಕೋಡ್‌ಬುಕ್ ಎಂಬ ಕೈಪಿಡಿ ಅದಕ್ಕೆ ದಾರಿ ತೋರಿಸುತ್ತದೆ. ಆದರೆ ತೀರ್ಮಾನ ಓದುವವರದು.

ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ತಪ್ಪು ಮಾಡಿದೆ. ಅದನ್ನು ಇವತ್ತಿಗೂ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. 'ಸಿರಿ' ದತ್ತಾಂಶದಲ್ಲಿ ಮಾಹಿತಿ ಸಿಗದ ಜಾಗದಲ್ಲಿ -999 ಎಂದು ಬರೆದಿರುತ್ತಾರೆ. ದೇಶದ ಆಡಳಿತವೇ ಕುಸಿದು ಹೋಗಿದ್ದರೆ -77. ಸರಾಸರಿ ತೆಗೆಯಲು ಅಡ್ಡ ಬರುತ್ತದೆಂದು ನಾನು ಇವನ್ನೆಲ್ಲ ಒಂದೇ ಏಟಿಗೆ ಸೊನ್ನೆ ಮಾಡಿಬಿಟ್ಟೆ. ಅಲ್ಲಿ ಸೊನ್ನೆ ಅಂದರೆ ಏನು? ಅತಿ ಹೆಚ್ಚು ಚಿತ್ರಹಿಂಸೆ. 'ಗೊತ್ತಿಲ್ಲ' ಅನ್ನುವ ದೇಶಗಳೆಲ್ಲ ನನ್ನ ಶೀಟಿನಲ್ಲಿ ಅತಿ ಕೆಟ್ಟ ದೇಶಗಳಾದವು. ಮೂರು ವಾರ ಆದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಆ ಶೀಟಿನಿಂದ ಒಂದು ನಕ್ಷೆ ತಯಾರಾಗಿತ್ತು. ಖಾಲಿ ಬೇರೆ, ಸೊನ್ನೆ ಬೇರೆ. ಈ ವ್ಯತ್ಯಾಸ ಕಾಯುವುದೇ ಈ ಕೆಲಸದ ಜೀವ.

ಇದು ಹಳೆಯ ಕಾಲದ ಸಮಸ್ಯೆ ಅಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಅಮೆರಿಕದ ವಿದೇಶಾಂಗ ಇಲಾಖೆಯ ವರದಿಗಳು ಹಿಂದಿನವುಗಳಿಗಿಂತ ತುಂಬಾ ಚಿಕ್ಕವು. ಮೊದಲು ಇದ್ದ ಹಲವು ವಿಭಾಗಗಳನ್ನೇ ಕೈಬಿಟ್ಟಿದ್ದಾರೆ. ಒಂದು ದೇಶದ ವರದಿಯಲ್ಲಿ ಸಭೆ ಸೇರುವ ಹಕ್ಕಿನ ಮಾತೇ ಇಲ್ಲ ಅಂದರೆ, ಅಲ್ಲಿ ಸಭೆಗಳಿಗೆ ಅಡ್ಡಿ ಇಲ್ಲ ಅಂತ ಅರ್ಥವಾ? ಅಲ್ಲ, ಬರೆದಿಲ್ಲ ಅಂತ ಅಷ್ಟೇ. ಅದನ್ನು 'ವರದಿಯಾಗಿಲ್ಲ, ಹಾಗಾಗಿ 2' ಎಂದು ತುಂಬಿದರೆ ರಾತ್ರೋರಾತ್ರಿ ಜಗತ್ತು ಸುಧಾರಿಸಿದಂತೆ ಕಾಣುತ್ತದೆ.

ಇದರ ಉಲ್ಟಾ ಕೂಡ ಆಗುತ್ತದೆ. ಸಿದ್ದಾಪುರದ ಕಡೆ ಮಂಗನ ಕಾಯಿಲೆಗೆ ರಕ್ತ ಪರೀಕ್ಷೆ ಜಾಸ್ತಿ ಮಾಡಿದರೆ ಪತ್ತೆಯಾಗುವ ಪ್ರಕರಣವೂ ಜಾಸ್ತಿ. ಕಾಯಿಲೆ ಹೆಚ್ಚಾಯಿತೋ, ನೋಡುವ ಕಣ್ಣು ಹೆಚ್ಚಾಯಿತೋ ಎಂದು ಕೇಳಬೇಕಾಗುತ್ತದೆ. ಮಾನವ ಹಕ್ಕಿನ ವರದಿಗಳೂ ಹಾಗೆ. ದಶಕಗಳು ಕಳೆದಂತೆ ಸಂಸ್ಥೆಗಳು ಹೆಚ್ಚಾದವು, ಹುಡುಕುವುದು ಹೆಚ್ಚಾಯಿತು, ಮೊದಲು ಲೆಕ್ಕಕ್ಕೇ ತೆಗೆದುಕೊಳ್ಳದ ಹಿಂಸೆಯನ್ನೂ ಬರೆಯತೊಡಗಿದರು. ಕ್ರಿಸ್ಟೋಫರ್ ಫ್ಯಾರಿಸ್ ಎಂಬ ಸಂಶೋಧಕರು 2014ರಲ್ಲಿ ಇದನ್ನೇ ವಾದಿಸಿದರು. ಅಂಕ ನಿಂತಲ್ಲೇ ನಿಂತಂತೆ ಕಂಡರೂ, ಅಳೆಯುವ ಕೋಲು ಬಿಗಿಯಾಗಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸ್ಥಿತಿ ಸುಧಾರಿಸಿದೆ ಎಂಬುದು ಅವರ ಮಾತು. ಎಲ್ಲರೂ ಒಪ್ಪಿಲ್ಲ. ಆದರೆ ಅಂಕದ ಹಿಂದೆ ಅದನ್ನು ಕೊಟ್ಟವರ ಕಣ್ಣು ಇದೆ ಎಂಬುದನ್ನು ಈಗ ಯಾರೂ ಮರೆಯುವಂತಿಲ್ಲ.

ನಮ್ಮ ದೇಶದ ಲೆಕ್ಕಕ್ಕೂ ಇದೇ ಎಚ್ಚರ ಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ. ಕಸ್ಟಡಿ ಸಾವು ಆದ 24 ತಾಸಿನೊಳಗೆ ತಿಳಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಹೇಳಿದೆ. ಆಯೋಗದ ಎಣಿಕೆಗೂ ಬ್ಯೂರೋದ ಎಣಿಕೆಗೂ ತಾಳೆ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಕೇಳುವವರು ಬೇಕಲ್ಲ?

ನಿಮ್ಮ ಮನೆಯ ವಿಷಯಕ್ಕೇ ಬರುತ್ತೇನೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಬೇಕೆಂದು ರಾಜ್ಯಗಳಿಗೆ ಆದೇಶಿಸಿದ್ದು ನೆನಪಿದೆಯಾ? ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಆ ರಾತ್ರಿ ನಿದ್ದೆ ಇರಲಿಲ್ಲವೋ. ಆ ಆದೇಶಕ್ಕೆ ಆಧಾರ ರಾಜ್ಯಗಳೇ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಕೊಟ್ಟ ಅಂಕಿಗಳು. ಇಷ್ಟು ಅರ್ಜಿ, ಇಷ್ಟು ತಿರಸ್ಕೃತ. ಎರಡು ವಾರದಲ್ಲಿ, ಫೆಬ್ರವರಿ 28ರಂದು, ಕೋರ್ಟೇ ಅದಕ್ಕೆ ತಡೆ ಕೊಟ್ಟಿತು. ತಿರಸ್ಕರಿಸುವಾಗ ಯಾವ ಕ್ರಮ ಅನುಸರಿಸಿದಿರಿ, ಜನರಿಗೆ ಸಾಕ್ಷ್ಯ ಒದಗಿಸಲು ಅವಕಾಶ ಕೊಟ್ಟಿರಾ ಎಂದು ರಾಜ್ಯಗಳನ್ನು ಕೇಳಿತು. ಅಂದರೆ ಆ 'ತಿರಸ್ಕೃತ' ಎಂಬ ಒಂದು ಕಾಲಂ ಒಳಗೆ ಏನೇನು ಸೇರಿದೆ ಎಂದು ಕೇಳಿದ ಹಾಗಾಯಿತು. 75 ವರ್ಷದ ದಾಖಲೆ ಸಿಗದವರು, ನೋಟಿಸೇ ತಲುಪದವರು, ಒಂದೇ ಭೂಮಿಗೆ ಎರಡು ಅರ್ಜಿ ಹಾಕಿದವರು, ಮೇಲ್ಮನವಿ ಬಾಕಿ ಇರುವವರು, ಎಲ್ಲರೂ ಒಂದೇ ಕಾಲಂನಲ್ಲಿ ಒಂದೇ ಪದವಾಗಿ ಕೂತಿರಬಹುದು. ಶೀಟ್ ತುಂಬುವವರು ಕಾರಣಕ್ಕೊಂದು ಕಾಲಂ ಇಟ್ಟಿದ್ದರೆ ಕಥೆ ಬೇರೆ ಇರುತ್ತಿತ್ತು. ನಿಮ್ಮ ಅಪ್ಪನ ಅರ್ಜಿಯೂ ಎಲ್ಲೋ ಒಂದು ಶೀಟಿನಲ್ಲಿ ಒಂದು ಸಾಲು. ಆ ಸಾಲನ್ನು ಜೋಪಾನವಾಗಿ ತುಂಬುವವರು ಬೇಕು ಅನ್ನುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾದೀತು?

ಸಂಖ್ಯಾಶಾಸ್ತ್ರದ ಬಗ್ಗೆ ಜಾಸ್ತಿ ಚಿಂತೆ ಬೇಡ. ಶುರುವಿಗೆ ಬೇಕಾದದ್ದು ಶೇಕಡಾ ಲೆಕ್ಕ ಮತ್ತು ತಾಳ್ಮೆ. ಒಂದು ಸಂಗತಿ ಮಾತ್ರ ಮೊದಲೇ ಕಲಿಯಿರಿ. ಸಾಮಾನ್ಯವಾಗಿ ಒಂದೇ ವರದಿಯನ್ನು ಇಬ್ಬರು ಬೇರೆ ಬೇರೆ ಕೂತು ಓದುತ್ತಾರೆ. ನೀವೂ ನಿಮ್ಮ ಜೊತೆಗಾರರೂ 50 ವರದಿ ಓದಿದಿರಿ ಅಂದುಕೊಳ್ಳಿ. 40ರಲ್ಲಿ ಇಬ್ಬರ ಉತ್ತರ ಒಂದೇ. ಶೇ. 80, ಒಳ್ಳೆಯದೇ ಅಲ್ವಾ? ಆದರೆ ಇಬ್ಬರೂ 50ರಲ್ಲಿ 40ಕ್ಕೆ 'ಇದೆ' ಎಂದೇ ಬರೆದಿದ್ದರೆ, ಕಣ್ಣು ಮುಚ್ಚಿ ಬರೆದರೂ ಶೇ. 68ರಷ್ಟು ತಾಳೆ ಆಗುತ್ತಿತ್ತು. ಆ ಆಕಸ್ಮಿಕದ ಪಾಲು ಕಳೆದು ನೋಡಿದರೆ (100ರಲ್ಲಿ 68 ಕಳೆದರೆ 32, 80ರಲ್ಲಿ 68 ಕಳೆದರೆ 12) ಉಳಿಯುವುದು 32ರಲ್ಲಿ 12, ಅಂದರೆ 0.38ರಷ್ಟು. ಈ ಅಳತೆಗೆ 'ಕಪ್ಪ' ಎನ್ನುತ್ತಾರೆ. 0.38 ಬಂದರೆ ಯಾರನ್ನೂ ಬೈಯುವುದಿಲ್ಲ. ಇಬ್ಬರೂ ಕೂತು, ಕೋಡ್‌ಬುಕ್‌ನ ಯಾವ ಮಾತು ಗೊಂದಲ ಮಾಡಿತು ಎಂದು ನೋಡುತ್ತೀರಿ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಅದು.

ಇಂಗ್ಲಿಷ್ ವರದಿಗಳ ಭಾಷೆ ಮೊದಲ ಹತ್ತಕ್ಕೆ ಕಷ್ಟ. ಆಮೇಲೆ ಅವೇ ಮಾತು ಮತ್ತೆ ಮತ್ತೆ ಬರುತ್ತವೆ.

ನಿದ್ದೆ ಬರಲಿಲ್ಲ ಅಂದಿರಲ್ಲ, ಅದನ್ನು ದಯವಿಟ್ಟು ಹಗುರ ಮಾಡಿಕೊಳ್ಳಬೇಡಿ. ಅದು ದೌರ್ಬಲ್ಯ ಅಲ್ಲ. ಹಿಂಸೆಯ ವಿವರ ದಿನವೂ ಓದುವವರ ಮನಸ್ಸಿಗೆ ಪೆಟ್ಟು ಬೀಳುತ್ತದೆ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ಊಟ ಆದ ಮೇಲೆ, ರಾತ್ರಿ, ಹಾಸಿಗೆಯ ಮೇಲೆ ಕೂತು ಓದಬೇಡಿ. ಒಂದೇ ಸಲಕ್ಕೆ ಎರಡು ತಾಸಿಗಿಂತ ಜಾಸ್ತಿ ಬೇಡ. ಚಿತ್ರಹಿಂಸೆಯ ಭಾಗ ಎರಡು ಓದಿದರೆ ನಡುವೆ ಚುನಾವಣೆಯದೋ ಪತ್ರಿಕಾ ಸ್ವಾತಂತ್ರ್ಯದ್ದೋ ಒಂದು ಓದಿ. ನೀವು ಕಾರವಾರದಲ್ಲಿದ್ದೀರಿ, ಸಂಜೆ ಕಡಲ ತೀರಕ್ಕೆ ಹೋಗಿ ಗೆಳತಿಯ ಜೊತೆ ಬೇರೆ ಏನಾದರೂ ಮಾತಾಡಿ. ಎರಡು ವಾರ ಆದರೂ ಕನಸಿನಲ್ಲಿ ಅದೇ ಬರುತ್ತಿದ್ದರೆ ಪ್ರಾಧ್ಯಾಪಕರಿಗೆ ಹೇಳಿ ಬೇರೆ ವಿಷಯದ ಕೋಡಿಂಗ್ (ವರದಿ ಓದಿ ಅಂಕ ಹಾಕುವ ಕೆಲಸ) ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇದಾವುದಕ್ಕೂ ಒಪ್ಪದೆ "ಗಟ್ಟಿಯಾಗಬೇಕು" ಅನ್ನುವ ಯೋಜನೆಯಾದರೆ ಬಿಟ್ಟು ಬನ್ನಿ. ನನ್ನ ಮಟ್ಟಿಗೆ ಇದೊಂದರಲ್ಲಿ ರಾಜಿ ಇಲ್ಲ.

3,500 ರೂಪಾಯಿಯ ಫೋನ್‌ಗೆ ಉತ್ತರ ಚಿಕ್ಕದು: ಕಟ್ಟಬೇಡಿ. ಸಹಾಯಕರಿಗೆ ಯೋಜನೆ ದುಡ್ಡು ಕೊಡುತ್ತದೆ, ಅವರಿಂದ ತೆಗೆದುಕೊಳ್ಳುವುದಿಲ್ಲ. ಇಂಟರ್ನ್‌ಶಿಪ್ಪೇ ಬೇಕೆಂದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ವಿದ್ಯಾರ್ಥಿಗಳಿಗಾಗಿ ನಡೆಸುತ್ತದೆ. ಆನ್‌ಲೈನ್‌ನದೂ ಇದೆ. ಪ್ರಕಟಣೆ ಆಯೋಗದ ಜಾಲತಾಣದಲ್ಲೇ ಬರುತ್ತದೆ.

ಹಾಗಾದರೆ ಏನು ಮಾಡಬಹುದು? ನನ್ನ ಸಲಹೆ, ಕೆಲಸ ಒಪ್ಪಿಕೊಳ್ಳಿ. ಆದರೆ ಮೊದಲ ತಿಂಗಳು ಪ್ರಯೋಗಕ್ಕೆ ಎಂದು ಹೇಳಿ ಒಪ್ಪಿಕೊಳ್ಳಿ. ಎರಡೂ ಕಡೆಯವರು ತಿಂಗಳ ಕೊನೆಗೆ ನೋಡಿ ತೀರ್ಮಾನಿಸಲಿ. ಒಪ್ಪುವ ಮೊದಲು ಇಮೇಲ್‌ನಲ್ಲಿ ಕೆಲವು ಮಾತು ಬರೆಸಿಕೊಳ್ಳಿ, ಬಾಯಿಮಾತು ಸಾಲದು. ವಾರಕ್ಕೆ ಎಷ್ಟು ತಾಸು, ಪರೀಕ್ಷೆಯ ತಿಂಗಳಲ್ಲಿ ರಜೆ ಇದೆಯಾ. ಸ್ಟೈಪೆಂಡ್ ಎಷ್ಟು, ಯಾವ ದಿನ ಬರುತ್ತದೆ. ಯೋಜನೆಯ ಹಣ ಎಲ್ಲಿಂದ. ಅದು ವಿದೇಶಿ ದೇಣಿಗೆ ಕಾಯ್ದೆಗೆ ಒಳಪಡುವ ಹಣವಾದರೆ ನೋಂದಣಿ ಅಥವಾ ಅನುಮತಿ ನೋಡಿಕೊಳ್ಳುವುದು ಸಂಸ್ಥೆಯ ಹೊಣೆ, ನಿಮ್ಮದಲ್ಲ. ಆದರೂ ಕೇಳುವುದು ನಿಮ್ಮ ಹಕ್ಕು, ಅಪ್ಪನಿಗೂ ಉತ್ತರ ಸಿಗುತ್ತದೆ. ಇನ್ನು ಹೆಸರಿನ ವಿಷಯ. ಕೋಡಿಂಗ್ ಮಾತ್ರ ಮಾಡಿದವರಿಗೆ ಸಾಮಾನ್ಯವಾಗಿ ಪ್ರಬಂಧದ ಕೃತಜ್ಞತೆಯಲ್ಲಿ ಜಾಗ, ಲೇಖಕರ ಪಟ್ಟಿಯಲ್ಲಿ ಅಲ್ಲ. ವಿಶ್ಲೇಷಣೆ, ಬರವಣಿಗೆಯಲ್ಲಿ ಕೈ ಇದ್ದರೆ ಆ ಮಾತು ಬೇರೆ. ಇದನ್ನು ಈಗಲೇ ಮಾತಾಡಿಕೊಂಡರೆ ಆಮೇಲೆ ಮನಸ್ಸು ಕೆಡುವುದಿಲ್ಲ. ಕೆಲಸ ಮುಗಿದಾಗ ಕೊಡುವ ಸರ್ಟಿಫಿಕೇಟ್‌ನಲ್ಲಿ 'ಸಹಾಯ ಮಾಡಿದ್ದಾರೆ' ಎಂದಷ್ಟೇ ಬೇಡ, ಏನು ಮಾಡಿದಿರಿ ಎಂದು ಬರೆಯಲಿ.

ಮನೆಯಲ್ಲಿ ಒಪ್ಪಿಗೆ ಸಿಗದೇ ಹೋದರೂ ದಾರಿ ಮುಚ್ಚುವುದಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ, ದೇಶಗಳ ಪ್ರಜಾಪ್ರಭುತ್ವ ಅಳೆಯುವ 'ವಿ-ಡೆಮ್' ದತ್ತಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅದಕ್ಕಿಂತ ಹತ್ತಿರದ್ದು ಬೇಕಾ? 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಚುನಾವಣೆಯ ಅಭ್ಯರ್ಥಿಗಳು ತಮ್ಮ ಮೇಲಿನ ಕೇಸುಗಳನ್ನು ಪ್ರಮಾಣಪತ್ರದಲ್ಲಿ ಹೇಳಲೇಬೇಕು. ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಈ ಆರು ವಿಧಾನಸಭಾ ಕ್ಷೇತ್ರಗಳ 2013, 2018, 2023ರ ಪ್ರಮಾಣಪತ್ರಗಳನ್ನು ತೆಗೆದು ಒಂದು ಶೀಟ್ ಮಾಡಿ. ಕೇಸುಗಳ ಸಂಖ್ಯೆ ಮಾತ್ರ ಬರೆಯಬೇಡಿ. ರಸ್ತೆ ತಡೆ ಮಾಡಿದ್ದಕ್ಕೆ ಹಾಕಿದ ಕೇಸೂ, ಮನುಷ್ಯನಿಗೆ ಹೊಡೆದದ್ದಕ್ಕೆ ಹಾಕಿದ ಕೇಸೂ ಒಂದೇ ಅಲ್ಲ. ಬಾಕಿ ಇರುವ ಕೇಸೂ ಶಿಕ್ಷೆಯೂ ಒಂದೇ ಅಲ್ಲ. ಇದರಿಂದ ಸ್ಟೈಪೆಂಡ್ ಬರುವುದಿಲ್ಲ, ತಿದ್ದುವವರೂ ಇರುವುದಿಲ್ಲ. ನಷ್ಟ ಅಷ್ಟೇ. ಆದರೆ ಕೈ ಪಳಗುತ್ತದೆ, ಎಂ.ಎ. ಕಿರುಪ್ರಬಂಧಕ್ಕೂ ಆಗುತ್ತದೆ.

ಹೇಗಿದ್ದರೂ ಮುಂದಿನ ಸಲ ಊರಿಗೆ ಹೋಗುವಾಗ ಕೋಡ್‌ಬುಕ್‌ನ ಒಂದು ಪುಟ ಪ್ರಿಂಟ್ ಹಾಕಿಸಿ ತೆಗೆದುಕೊಂಡು ಹೋಗಿ. ಅಪ್ಪನ ಪಕ್ಕ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿ. ಆಮೇಲೆ ಅವರ ಅರ್ಜಿಯ ಫೈಲ್ ತೆಗೆಸಿ. ಜಿಪಿಎಸ್ ಸರ್ವೆಯ ಪ್ರತಿ, ಗ್ರಾಮಸಭೆಯ ಠರಾವು, ಹಿರಿಯರ ಹೇಳಿಕೆ ಯಾವುದಿದೆ, ಯಾವುದಿಲ್ಲ ಎಂದು ಇಬ್ಬರೂ ಸೇರಿ ಒಂದು ಪಟ್ಟಿ ಮಾಡಿ.